ಮೂರು ಕಮಾನಿನ ಸಿಮೆಂಟು

ಪೇಟೆ ಬೀದಿಯವರೆಲ್ಲ ಅವಳನ್ನು ಗಾರೆಯಕ್ಕ ಅಂತಲೇ ಕರೆಯುವುದು. ಹೆತ್ತವರು ಇಟ್ಟ ಹೆಸರು ಬ್ಯಾಂಕಿನ ಪುಸ್ತಕದೊಳಗೆ ಬೆಚ್ಚಗೆ ಮಲಗಿದೆ. ಓದಿದ್ದು ಮೂರನೇ ಕ್ಲಾಸು. ಹದಿನೆಂಟಕ್ಕೆ ಗಾರೆ ಕೆಲಸದವನ ಕೈ ಹಿಡಿದಳು. ಎಂಟನೇ ದಿನಕ್ಕೆ ತಲೆ ಮೇಲೆ ಸುಣ್ಣದ ಬುಟ್ಟಿ ಕೂತಿತು. ಮೊದಲ ವರ್ಷ ಹೊತ್ತಳು, ಎರಡನೇ ವರ್ಷ ಕಲಸಿದಳು. ಐದನೇ ವರ್ಷಕ್ಕೆ ದೂರದಲ್ಲಿ ನಿಂತು, ಗಂಡ ಬಳಿದ ಗೋಡೆ ನೋಡಿ, ಎಡಗಡೆ ಹೊಟ್ಟೆ ಬಂದಿದೆ ಅನ್ನುವ ಮಟ್ಟಕ್ಕೆ ಬಂದಳು. ಹೊಟ್ಟೆ ಬಂದೇ ಇರುತ್ತಿತ್ತು. ಅವನು ಕರಣೆ ಎತ್ತಿಕೊಂಡು ಸರಿ ಮಾಡುತ್ತಿದ್ದ.

ಗೋಡೆ ಜೊತೆ ಆಡಿದಷ್ಟು ಮಾತು ಅವನು ಹೆಂಡತಿ ಜೊತೆ ಆಡಿದವನಲ್ಲ. ಅವನು ಹೋಗಿ ಹನ್ನೊಂದು ತಿಂಗಳಾಯಿತು. ಅವಳು ಈಗಲೂ ಬೆಳಿಗ್ಗೆ ಎದ್ದು ಅವನ ಜೊತೆ ಒಂದು ಸುತ್ತು ಜಗಳ ಆಡುತ್ತಾಳೆ. ಅವನು ಉತ್ತರ ಕೊಡುವುದಿಲ್ಲ. ಬದುಕಿದ್ದಾಗಲೂ ಕೊಡುತ್ತಿರಲಿಲ್ಲ, ಆದರೆ ಆಗ ಎದುರಿಗೆ ಕೂತಿರುತ್ತಿದ್ದ.

ಪೇಟೆಯಲ್ಲಿ ಅವನಿಗೊಂದು ಹೆಸರಿತ್ತು. ಸಿಮೆಂಟು ಮುಟ್ಟದ ಕೈ. ಉಳಿದ ಮೇಸ್ತ್ರಿಗಳು ಒಬ್ಬೊಬ್ಬರಾಗಿ ಸಿಮೆಂಟಿನ ಕಡೆ ಹೊರಳಿದರೂ ಇವನು ಸುಣ್ಣ ಬಿಡಲಿಲ್ಲ. ಪೇಟೆಯ ನಡುವೆ ಹನ್ನೆರಡು ಕಮಾನಿನ ಹಳೇ ಕಟ್ಟಡ ಇದೆ. ಕೆಳಗೆ ಅಂಗಡಿ, ಮೇಲೆ ಕೋಣೆಗಳು. ಅದರ ಮುಂದಿನ ಗೋಡೆಯ ಗಾರೆಯನ್ನು ಗಂಡ ಹೆಂಡತಿ ಮೂವತ್ತು ವರ್ಷ ನೋಡಿಕೊಂಡರು.

ಆ ಕಟ್ಟಡ ಕೆಡವಿ ಹೊಸದು ಕಟ್ಟುತ್ತೇವೆ ಅಂತ ನಗರಸಭೆಯವರು ಹೇಳಿದ ದಿನದಿಂದ ಬೀದಿ ಎರಡು ಹೋಳಾಯಿತು. ಮೇಲಿನ ಮಹಡಿಯ ದರ್ಜಿಗೆ ಲಿಫ್ಟು ಬೇಕಿತ್ತು. ದಿನಕ್ಕೆ ನಾಲ್ಕು ಸಲ ನಲವತ್ತೆರಡು ಮೆಟ್ಟಿಲು ಹತ್ತುವಾಗ ಅವನ ಮಂಡಿ ಹೊಲಿಗೆ ಮೆಷಿನ್ನಿಗಿಂತ ಜೋರಾಗಿ ಸದ್ದು ಮಾಡುತ್ತಿತ್ತು. ಕೆಳಗಿನ ಗಡಿಯಾರ ರಿಪೇರಿಯವನಿಗೆ ಕಮಾನು ಬೇಕಿತ್ತು. ಅದರ ನೆರಳಿಗೆ ನಿಲ್ಲುವ ಜನ ಸುಮ್ಮನೆ ನಿಲ್ಲಲಾರದೆ ಗಡಿಯಾರ ಬಿಚ್ಚಿ ಕೊಡುತ್ತಿದ್ದರು. ಇಬ್ಬರೂ ಮಾತು ಬಿಟ್ಟರು. ಗಾರೆಯಕ್ಕನಿಗೆ ದರ್ಜಿಯ ಮಂಡಿಯೂ ನಿಜ, ಕಮಾನೂ ನಿಜ ಅನ್ನಿಸುತ್ತಿತ್ತು. ನಲವತ್ತು ಜನಕ್ಕೆ ಒಂದೇ ಕಕ್ಕಸು ಇರುವ ಕಟ್ಟಡವನ್ನು ಹಾಗೇ ಇಡಿ ಅನ್ನುವುದಕ್ಕೂ ಮುಖ ಬೇಕು.

ಕೊನೆಗೆ ನಗರಸಭೆಯ ಎಂಜಿನಿಯರ್ ಹುಡುಗಿ ಒಂದು ದಾರಿ ಹುಡುಕಿದಳು. ಕಮಾನಿನ ಮುಂಗೋಡೆ ಉಳಿಯಲಿ, ಹಿಂದಿನದೆಲ್ಲ ಹೊಸದಾಗಲಿ, ಲಿಫ್ಟೂ ಬರಲಿ. ಆದರೆ ಗೋಡೆ ಗಟ್ಟಿ ಇರಬೇಕು. ಅವಳು ಬಂದು ಆರು ಕಡೆ ತೂತು ಕೊರೆದು ನೋಡಿದಳು. ಇಟ್ಟಿಗೆ ಒದ್ದೆ ಹಿಟ್ಟಿನ ಹಾಗೆ ಉದುರಿತು. ಗೋಡೆ ಸತ್ತಿದೆ, ಪೂರ್ತಿ ಕೆಡವಬೇಕು, ಶುಕ್ರವಾರ ಸಭೆಯಲ್ಲಿ ತೀರ್ಮಾನ ಅಂತ ಹೇಳಿ ಹೋದಳು.

ಸುದ್ದಿ ಕೇಳಿ ಗಾರೆಯಕ್ಕ ಹೋಗಿ ನೋಡಿದಳು. ಆರೂ ತೂತು ಕೊನೆಯ ಮೂರು ಕಮಾನಿನಲ್ಲೇ ಇದ್ದವು. ಅಲ್ಲೇ ಕಲೆ ಜಾಸ್ತಿ ಅಂತ ಅಲ್ಲೇ ಕೊರೆದಿದ್ದಾರೆ. ಆ ಮೂರು ಕಮಾನಿನ ಕಥೆ ಗೊತ್ತಿದ್ದವರು ಇಬ್ಬರೇ. ಒಬ್ಬ ಹೋಗಿಯಾಗಿತ್ತು.

ಹದಿನಾಲ್ಕು ವರ್ಷದ ಹಿಂದಿನ ಮಾತು. ಮಗಳಿಗೆ ಮೊದಲ ಹೆರಿಗೆ, ಅವಳಿದ್ದದ್ದು ಬೇರೆ ಊರಲ್ಲಿ. ಇಲ್ಲಿ ಮೂರು ಕಮಾನಿನ ಬುಡದ ಗಾರೆ ಕಿತ್ತು ಹಾಕಿಯಾಗಿತ್ತು. ಸುಣ್ಣದ ಗಾರೆ ಒಂದು ಪದರ ಒಣಗಿದ ಮೇಲೆ ಇನ್ನೊಂದು ಪದರ. ಕಾದರೆ ತಿಂಗಳು ಬೇಕು. ಸಿಮೆಂಟು ಬಳಿದು ನಡಿ, ಹೊರಡೋಣ ಅಂತ ಗಾರೆಯಕ್ಕನೇ ಹಟ ಹಿಡಿದಳು. ಅವನು ಎರಡು ದಿನ ಬೇಡ ಅಂದ. ಮೂರನೇ ದಿನ ಗೋಣಿ ಪರದೆ ಕಟ್ಟಿ, ಸೊಂಟದೆತ್ತರಕ್ಕೆ ಸಿಮೆಂಟು ಬಳಿದು, ಗೊತ್ತಾಗದ ಹಾಗೆ ಮೇಲೆ ಸುಣ್ಣ ಹೊಡೆದು ಇಬ್ಬರೂ ಬಸ್ಸು ಹತ್ತಿದರು. ಕೂಸು ಹೇಳಿದ ದಿನಕ್ಕೆ ಬರಲಿಲ್ಲ. ಹದಿನಾರು ದಿನ ಕಾಯಿಸಿತು. ಅಲ್ಲಿ ಕೂತು ಅವನು ಆಡಿದ ಮಾತು ಒಂದೇ: "ಅಷ್ಟರಲ್ಲಿ ಒಂದು ಪದರ ಒಣಗ್ತಿತ್ತು."

ಹಳೇ ಗೋಡೆ ನೆಲದಿಂದ ನೀರು ಕುಡಿಯುತ್ತದೆ. ಸುಣ್ಣ ಮೆತ್ತಿದ್ದರೆ ಅದು ಮೆಲ್ಲಗೆ ಆಚೆ ಹೋಗುತ್ತದೆ. ಸಿಮೆಂಟು ಮೆತ್ತಿದರೆ ಗೋಡೆಯ ಮೂಗು ಬಾಯಿ ಮುಚ್ಚಿದ ಹಾಗೆ. ನೀರು ಒಳಗೇ ನಿಂತು ಇಟ್ಟಿಗೆ ಕರಗುತ್ತದೆ. ಕೂಲಿಗೆ ಬರುವವರಿಗೆಲ್ಲ ಇದನ್ನು ಹೇಳಿಕೊಟ್ಟವಳು ಅವಳೇ.

ಸಭೆಯಲ್ಲಿ ಇದನ್ನು ಹೇಳಿಬಿಡಲಾ ಅಂತ ಕೇಳಿದ್ದಕ್ಕೆ ಮಗಳು ಫೋನಿನಲ್ಲಿ ಅತ್ತಳು. "ಅಪ್ಪಂದು ಅಂತ ಉಳಿದಿರೋದು ಆ ಒಂದು ಹೆಸರು, ಅಮ್ಮ. ಅದನ್ನೂ ತೆಗೀಬೇಡ."

"ಹೆಸರು ನೇತು ಹಾಕೋಕೂ ಒಂದು ಗೋಡೆ ಬೇಕು ಕಣೇ," ಅಂದಳು ಇವಳು. ಅಂದದ್ದೇನೋ ಅಂದಳು. ಆಮೇಲೆ ಫೋನು ಇಟ್ಟು, ಗಂಡನ ಕರಣೆ ತೆಗೆದು ಒರೆಸಿದಳು.

ಶುಕ್ರವಾರ ಮಹಡಿಯ ದೊಡ್ಡ ಕೋಣೆಯಲ್ಲಿ ಸಭೆ. ಕೆಡವಲು ಒಪ್ಪಿದವರು ಒಂದು ಕಡೆ, ಒಪ್ಪದವರು ಒಂದು ಕಡೆ. ಗಾರೆಯಕ್ಕ ಬಾಗಿಲ ಹತ್ತಿರ ಕೂತಳು. ಏಳಬೇಕೋ ಬೇಡವೋ ಅಂತ ಇನ್ನೂ ತೀರ್ಮಾನ ಆಗಿರಲಿಲ್ಲ. ಆಗ ಎದ್ದವನು ಉದ್ದ ಮೇಸ್ತ್ರಿ. ಸುಣ್ಣದ ಕೆಲಸದಲ್ಲಿ ಹೆಸರು ಮಾಡಿದವರು ಪೇಟೆಯಲ್ಲಿ ಇವಳ ಗಂಡನನ್ನು ಬಿಟ್ಟರೆ ಇವನೇ. ಇಬ್ಬರಿಗೂ ಒಳ್ಳೆ ಪೈಪೋಟಿ ಇತ್ತು. ಅವನು ಗಂಟಲು ಸರಿ ಮಾಡಿಕೊಂಡು ಹೇಳಿದ. ಆ ಗೋಡೆಯನ್ನು ನೋಡಿಕೊಂಡದ್ದು ಸಿಮೆಂಟು ಮುಟ್ಟದ ಕೈ. ಅಂಥವನು ನೋಡಿಕೊಂಡ ಗೋಡೆಯೇ ಕೊಳೆತಿದೆ ಅಂದರೆ ಇನ್ನು ಯಾರು ಬಂದರೂ ಉಳಿಯುವುದಿಲ್ಲ. ಎಲ್ಲರೂ ತಲೆ ಆಡಿಸಿದರು.

ಹೊಗಳಿಕೆಯೇ ಗೋಡೆಗೆ ಕುತ್ತಾಯಿತು. ಅವಳು ಎದ್ದಳು.

"ಮುಟ್ಟಿದ್ರು," ಅಂದಳು. "ಕೊನೇ ಮೂರು ಕಮಾನು, ಸೊಂಟದವರೆಗೆ. ಹಾಕಿ ಅಂದಿದ್ದು ನಾನು, ಕಲಸಿದ್ದೂ ನಾನೇ. ಅವರು ಬೇಡ ಅಂದ್ರು, ನಾನು ಬಿಡಲಿಲ್ಲ."

ಮೊದಲು ಬಾಯಿ ಬಂದದ್ದು ದರ್ಜಿಗೆ. "ಅಲ್ಲಕ್ಕ, ಇಷ್ಟು ವರ್ಷ ನಮ್ಮ ಕಿವಿ ಮೇಲೆ ಹೂ ಇಟ್ರಾ ನೀವು?"

"ಇಟ್ವಿ. ಒಂದು ತೋಳು ಉದ್ದ ಒಂದು ತೋಳು ಗಿಡ್ಡ ಹೊಲಿದು ಕೊಟ್ರಲ್ಲ ನೀವು, ನಾನೇನಾದ್ರೂ ಅಂದ್ನಾ?"

ಮಾತು ಬಿಟ್ಟಿದ್ದ ಗಡಿಯಾರದವನು ಮೊದಲು ನಕ್ಕ. ಆಮೇಲೆ ಎರಡೂ ಕಡೆಯವರು ನಕ್ಕರು. ಅವಳು ಎಂಜಿನಿಯರ್ ಕಡೆ ತಿರುಗಿದಳು. "ಮೇಡಂ, ನೀವು ನೋವಿರೋ ಹಲ್ಲು ಮಾತ್ರ ಮುಟ್ಟಿ ನೋಡಿ, ಬಾಯಲ್ಲಿ ಒಂದು ಹಲ್ಲೂ ನೆಟ್ಟಗಿಲ್ಲ ಅಂತಿದ್ದೀರಿ. ಇನ್ನೂ ಒಂಬತ್ತು ಕಮಾನಿದೆ."

ಹುಡುಗಿಯ ಮುಖ ಕೆಂಪಾಯಿತು. ಆದರೆ ಒಳ್ಳೆಯವಳು, ತಪ್ಪಾಯಿತು ಅಂದಳು. ಮಾರನೇ ದಿನವೇ ಒಂಬತ್ತೂ ಕಡೆ ಕೊರೆದಳು. ಒಣ ಪುಡಿ ಬಂತು, ಅಲ್ಲಿ ಗೋಡೆ ಗಟ್ಟಿಯಾಗೇ ಇತ್ತು. ಸಿಮೆಂಟನ್ನು ಗಾರೆಯಕ್ಕ ತಾನೇ ಉಳಿ ಹಿಡಿದು ಎಬ್ಬಿಸಿದಳು. ಅದು ಹಳತಾದ ಮರದ ತೊಗಟೆಯ ಹಾಗೆ ದೊಡ್ಡ ದೊಡ್ಡ ಚಕ್ಕೆಯಾಗಿ ಬಿತ್ತು. ಗೋಡೆಯನ್ನು ಬೆತ್ತಲೆ ಬಿಟ್ಟು ಕಾದರು. ಆರನೇ ವಾರಕ್ಕೆ ಇಟ್ಟಿಗೆ ಒಣಗಿ ಬಣ್ಣ ತಿರುಗಿತು. ಬುಡದ ಎರಡು ಸಾಲು ಇಟ್ಟಿಗೆ ಬದಲಿಸಿದರೆ ಸಾಕು ಅಂತ ಎಂಜಿನಿಯರ್ ಬರೆದು ಕೊಟ್ಟಳು. ಮುಂಗೋಡೆ ಉಳಿಯಿತು. ದರ್ಜಿಗೆ ಲಿಫ್ಟೂ ಗಟ್ಟಿಯಾಯಿತು. ಅದು ಬರುವವರೆಗೆ ಎಂಟು ಮೆಟ್ಟಿಲಿನ ಬಾಡಿಗೆ ಅಂಗಡಿಯಲ್ಲಿ ಕೂತು ಅವನು ಗಡಿಯಾರದವನಿಗೆ ಪುಕ್ಕಟೆ ಗುಂಡಿ ಹೊಲಿದು ಕೊಟ್ಟ.

ಗಂಡನ ಹೆಸರಿಗೆ ಏನಾಗುತ್ತದೋ ಅಂತ ಅವಳು ಕಾದಳು. ಆದದ್ದೇ ಬೇರೆ. ಒಂದು ಸಂಜೆ ಒಬ್ಬ ಮೇಸ್ತ್ರಿ ಬಂದು ಬಾಗಿಲಲ್ಲಿ ನಿಂತ. ಅಕ್ಕ, ಹಳೇ ಔಷಧದಂಗಡಿ ಗೋಡೆಗೆ ಸುಣ್ಣ ಅಂತ ಹೇಳಿ ನಾನೂ ಒಂದು ಸಲ ಸಿಮೆಂಟು ಹಾಕಿದ್ದೆ, ಈಗ ಬೆವರುತ್ತಿದೆ, ಅಂದ. ಮೂರು ದಿನ ಬಿಟ್ಟು ಇನ್ನೊಬ್ಬ ಬಂದ. ಸಿಮೆಂಟು ಮುಟ್ಟದ ಕೈಯೇ ಹಾಕಿತ್ತು ಅಂದ ಮೇಲೆ ನಾವು ಹೇಳಿದರೆ ಏನು ನಾಚಿಕೆ ಅಂತ ಎಲ್ಲರಿಗೂ ಬಾಯಿ ಬಂದಿತ್ತು.

ಕೊನೆಗೆ ಬಂದವನು ಉದ್ದ ಮೇಸ್ತ್ರಿ. ಕೂರು ಅಂದರೂ ಕೂರಲಿಲ್ಲ.

"ಹಳೇ ಅಂಚೆ ಕಚೇರಿ," ಅಂದ.

"ಎಷ್ಟಣ್ಣ?"

"ಪೂರ್ತಿ. ಹಿಂದಿನ ಗೋಡೆ ಒಂದು ಬಿಟ್ಟೆ."

"ಅದ್ಯಾಕೆ ಬಿಟ್ರಿ?"

"ಸಿಮೆಂಟು ಖಾಲಿಯಾಯ್ತು."

ಅವಳು ನಕ್ಕಳು. ಗೋಡೆಗೆ ಕೈ ಕೊಟ್ಟು ನಿಂತು ನಕ್ಕಳು. ನಗು ನಿಂತ ಮೇಲೆ ಕೇಳಿದಳು, "ನಮ್ಮನೆಯವರಿಗೆ ಗೊತ್ತಿತ್ತಾ?"

"ಗೊತ್ತಿಲ್ದೆ ಏನು. ಯಾರ ಕಣ್ಣಿಗೂ ಬೀಳದ ಹಾಗೆ ಮೇಲೆ ಸುಣ್ಣ ಹೊಡೆದು ಕೊಟ್ಟೋನು ಅವನೇ. ಯಾರ ಹತ್ರಾನೂ ಬಾಯಿ ಬಿಡಲಿಲ್ಲ ಪುಣ್ಯಾತ್ಮ."

ಅವಳು ಮುಖ ಆಚೆ ತಿರುಗಿಸಿ ಕಣ್ಣು ಒರೆಸಿಕೊಂಡಳು. ಆಮೇಲೆ ಹೇಳಿದಳು, "ಸೋಮವಾರ ಉಳಿ ಸುತ್ತಿಗೆ ತಗೊಂಡು ಬನ್ನಿ. ಹಿಂದಿನ ಗೋಡೆ ಬಿಟ್ಟು ಎಲ್ಲ ಕೀಳೋದಿದೆ."