ಏಳೂಕಾಲಿನ ಬಸ್ಸನ್ನು ತೆಗೆಸಿದ ಲೆಕ್ಕ

ಮಂಗಳವಾರ ಏಳೂಕಾಲಿಗೆ ಹರದನಹಳ್ಳಿ ಸ್ಟಾಪಿಗೆ ಬಸ್ಸು ಬರಲಿಲ್ಲ. ನನ್ನನ್ನೂ ಸೇರಿಸಿ ಕಾದು ನಿಂತಿದ್ದವರು ಹತ್ತೊಂಬತ್ತು ಜನ. ಬಸ್ಸು ಹತ್ತುವವರನ್ನು ರಜೆಯಲ್ಲೂ ಬಿಡದೆ ಎಣಿಸಿ ಡೈರಿಯಲ್ಲಿ ಬರೆಯುವುದು ಕಾಲೇಜಿನಿಂದಲೂ ನನಗಿರುವ ಚಾಳಿ. ಬಸ್ಸು ಯಾಕೆ ನಿಂತಿತು ಎನ್ನುವುದು ಅಲ್ಲಿ ನನಗೊಬ್ಬಳಿಗೇ ಗೊತ್ತಿತ್ತು. ನಿಲ್ಲಿಸಿದ್ದು ಕಂಪ್ಯೂಟರಿನಿಂದ ಲೆಕ್ಕ ತೆಗೆಯಲು ನಾನು ಬರೆದ ಕ್ವೆರಿ.

ಚಾಮರಾಜನಗರದ ಒಂದು ಖಾಸಗಿ ಬಸ್ ಕಂಪನಿಯಲ್ಲಿ ಟಿಕೆಟ್ ಮೆಷಿನ್ನುಗಳ ಡೇಟಾಬೇಸ್ ನೋಡಿಕೊಳ್ಳುವುದು ನನ್ನ ಕೆಲಸ. ನಮ್ಮೂರಿನ ಏಳೂಕಾಲು, ಎಂಟೂವರೆ ಟ್ರಿಪ್ಪುಗಳು ಒಂದರ ಜನವನ್ನು ಇನ್ನೊಂದು ಕಿತ್ತುಕೊಳ್ಳುತ್ತಿವೆಯೇ ಎಂದು ಮ್ಯಾನೇಜರ್ ಕೇಳಿದ್ದರು. ಹೌದಾದರೆ ಒಂದನ್ನು ಗುಂಡ್ಲುಪೇಟೆ ರೂಟಿಗೆ ಹಾಕುವ ಯೋಚನೆ. ಒಂದು ಸಲಕ್ಕೆ ಏಳು ದಿನಗಳನ್ನಷ್ಟೇ ತೋರಿಸುವ ಕಿಟಕಿಯನ್ನು ಒಂದೊಂದೇ ದಿನ ಮುಂದೆ ಸರಿಸುತ್ತ ಎರಡು ಟ್ರಿಪ್ಪುಗಳ ಜನರ ಸಂಖ್ಯೆಯ ಸಹಸಂಬಂಧ ತೆಗೆಯಬೇಕು: ಒಟ್ಟಿಗೆ ಏರಿಳಿದರೆ ಪ್ಲಸ್, ಒಂದು ಏರಿದಾಗ ಇನ್ನೊಂದು ಇಳಿದರೆ ಮೈನಸ್, ಅಂದರೆ ಕಿತ್ತುಕೊಳ್ಳುತ್ತಿವೆ.

"ದಿನಾ ಹೆಚ್ಚು ಜನ ಹತ್ತೋ ಟಾಪ್ ಹತ್ತು ರೂಟ್ ಸಾಕು, ಮಿಕ್ಕಿದ್ದೆಲ್ಲ ಕಸ" ಎಂದರು. ಹಾಗೇ ಬರೆದೆ. ಮೈನಸ್ ಬಂತು. ಸಹಿ ಹಾಕಿ ಕೊಟ್ಟೆ.

ಸ್ಟಾಪಿನಲ್ಲಿ ಪಕ್ಕದ ಮನೆಯ ಅಕ್ಕ ಇದ್ದಳು. ಅವಳಿಗೆ ಆಸ್ಪತ್ರೆಯಲ್ಲಿ ಕ್ಲೀನಿಂಗ್ ಕೆಲಸ, ಎಂಟಕ್ಕೆ ಹಾಜರಿ. ತಿಂಗಳಲ್ಲಿ ಮೂರು ಸಲ ತಡವಾದರೆ ಕಂಟ್ರಾಕ್ಟರು ಬೇರೆಯವರನ್ನು ಹಾಕಿಕೊಳ್ಳುತ್ತಾನೆ.

"ಏನಮ್ಮಿ, ನಿಮ್ ಆಪೀಸ್ನೋರು ಬಸ್ ನಿಲ್ಸ್‌ಬುಟ್ರಂತೆ?"

"ಲೆಕ್ಕ ಅಂಗೆ ಬಂತು ಕಣಕ್ಕ."

"ಯಾವ್ ಲೆಕ್ಕನಮ್ಮಿ? ದಿನಾ ನಿನ್ ಬ್ಯಾಗ್ನ ನನ್ ತೊಡೆ ಮ್ಯಾಲೆ ಮಡಿಕಂಡು ಬತ್ತೀನಿ. ಎಂಟೂವರೆ ಬಸ್ನಲ್ಲಿ ನನ್ನ ಯಾವತ್ತಾರ ಕಂಡಿದ್ದೀಯಾ?"

ಕಂಡಿರಲಿಲ್ಲ. ಆಫೀಸಿಗೆ ಹೋದವಳೇ ಡೈರಿಯನ್ನೂ ಸ್ಕ್ರೀನನ್ನೂ ತಾಳೆ ನೋಡಿದೆ. ಸ್ಕ್ರೀನಿನಲ್ಲಿ ಭಾನುವಾರಗಳಿಲ್ಲ. ಹಬ್ಬದ ರಜೆಗಳಿಲ್ಲ. ಜೋರು ಮಳೆಯ ದಿನಗಳಿಲ್ಲ. ಎರಡೂ ಬಸ್ಸು ಖಾಲಿ ಓಡಿದ ದಿನ ನಮ್ಮ ರೂಟು ಮೊದಲ ಹತ್ತರಿಂದ ಬಿದ್ದುಹೋಗುತ್ತದೆ, ಆ ದಿನದ ಸಾಲೇ ಮಾಯ. ಒಟ್ಟಿಗೆ ಇಳಿದ ದಿನಗಳನ್ನೆಲ್ಲ ಎಸೆದ ಮೇಲೆ ಮೈನಸ್ ಬಾರದೆ ಇನ್ನೇನು? ಉಳಿದವುಗಳಲ್ಲಿ ಒಂದರ ಹಿಂದೊಂದು ಬಂದ ಏಳು ಸಾಲುಗಳನ್ನು ಕ್ವೆರಿ ಏಳು ದಿನ ಎಂದುಕೊಂಡಿತ್ತು. ಕೆಲವು ಕಡೆ ಅದು ಮೂರು ವಾರ. ಮೊದಲು ಎಲ್ಲ ದಿನಗಳ ಮೇಲೆ ಕಿಟಕಿ ಸರಿಸಿ, ಆಮೇಲೆ ಹತ್ತನ್ನು ಆರಿಸಬೇಕಿತ್ತು. ತಿದ್ದಿ ಓಡಿಸಿದೆ. ಪ್ಲಸ್.

ಮ್ಯಾನೇಜರ್ ನೋಡಲೂ ಇಲ್ಲ. "ಆರ್ಡರ್ ಆಗೋಯ್ತು. ಬಸ್ಸು ಆಗ್ಲೇ ಗುಂಡ್ಲುಪೇಟೆ ರೂಟ್ನಲ್ಲಿ ಅದೆ."

"ಟಾಪ್ ಹತ್ತು ಸಾಕು ಅಂದಿದ್ದು ನೀವು ಸಾರ್."

"ಅಂದಿದ್ದಕ್ಕೆಲ್ಲ ಹೂಂ ಅನ್ನಕೆ ನಿನಗ್ಯಾಕಮ್ಮ ಡಿಗ್ರಿ?"

ಮೈಯೆಲ್ಲ ಉರಿಯಿತು. ಆ ಮಾತು ಸರಿಯಾಗಿಯೇ ಇದ್ದದ್ದಕ್ಕೆ ಇನ್ನಷ್ಟು ಉರಿಯಿತು. ನನ್ನ ವರದಿ ತಪ್ಪು ಎಂದು ಮಾಲೀಕರಿಗೆ ಪತ್ರ ಬರೆದು, ಎರಡೂ ಲೆಕ್ಕಗಳನ್ನೂ ಡೈರಿಯ ಜೆರಾಕ್ಸನ್ನೂ ಲಗತ್ತಿಸಿ ಕೊಟ್ಟೆ. ಉತ್ತರ ಬಂದಿಲ್ಲ.

ಮಂಗಳವಾರ, ಬುಧವಾರ: ಅಕ್ಕನಿಗೆ ಎರಡು ತಡ. ಗುರುವಾರದಿಂದ ಅಪ್ಪನ ಸ್ಕೂಟರಿನಲ್ಲಿ ನಾನೇ ಅವಳನ್ನು ಆಸ್ಪತ್ರೆಗೆ ಬಿಡುತ್ತಿದ್ದೇನೆ. ಸ್ಟಾಪು ದಾಟುವಾಗ ಮಿಕ್ಕ ಹದಿನೇಳು ಜನ ನಮ್ಮನ್ನೇ ನೋಡುತ್ತಾರೆ. ಸ್ಕೂಟರಿನಲ್ಲಿ ಇನ್ನೊಬ್ಬರಿಗೆ ಜಾಗವಿಲ್ಲ.