ಅರ್ಧಕ್ಕಿಳಿದ ಬಾವುಟ

ನವೆಂಬರ್ ಇಪ್ಪತ್ತೆರಡು ಎಂದರೆ ಸಾಕು, ಗಣಿಯೂರು ಕ್ರೇನ್ ಫೋರ್ಕಿನಲ್ಲಿ ಯಾರ ಮುಖವಾದರೂ ಸಪ್ಪಗಾಗುತ್ತಿತ್ತು. ಆದರೆ ಅದು ಓರ್ಲೀನಾಳ ಗಂಡ ಆರ್ವಿಲ್‌ಗಾಗಿ ಅಲ್ಲ, ಡಲ್ಲಾಸಿನಲ್ಲಿ ಗುಂಡೇಟಿಗೆ ಬಿದ್ದ ದೇಶದ ಅಧ್ಯಕ್ಷರಿಗಾಗಿ.

ಅಧ್ಯಕ್ಷರು ಸತ್ತ ದಿನವೇ, ಬೆಳಗಿನ ಪಾಳಿಯಲ್ಲಿ ಕಲ್ಲಿದ್ದಲು ಗಣಿಯೊಳಗೆ ಅನಿಲ ಹೊತ್ತಿಕೊಂಡಿತ್ತು. ಇಳಿಯುವಾಗ ಹಲಗೆಗೆ ತೂಗುಹಾಕಿದ ಹಿತ್ತಾಳೆ ಬಿಲ್ಲೆಯನ್ನು ಮೇಲೆ ಬಂದವರು ತೆಗೆದುಕೊಳ್ಳುವುದು ಗಣಿಯ ರೂಢಿ. ಐದು ಬಿಲ್ಲೆ ಹಾಗೇ ಉಳಿದವು. ಓಡಿಬಂದ ಪತ್ರಿಕೆಯವರು ಓರ್ಲೀನಾಳನ್ನು ಹಲಗೆಯ ಪಕ್ಕ ನಿಲ್ಲಿಸಿ ಫೋಟೋ ತೆಗೆದರು. ಮಧ್ಯಾಹ್ನ ಏನೋ ಸುದ್ದಿ ಬಂತು. ಕಾರುಗಳೆಲ್ಲ ತಿರುಗಿಕೊಂಡು ಹೊರಟೇಹೋದವು. ಯಾಕೆಂದು ಅವಳಿಗೆ ಯಾರೂ ಹೇಳಲಿಲ್ಲ.

ಮರುದಿನ ಅಂಚೆ ಕಚೇರಿಯ ಬಾವುಟ ಅರ್ಧಕ್ಕಿಳಿದಿತ್ತು. ಅವಳು ಒಳಗೆ ಹೋಗಿ, "ನಮ್ಮವರಿಗೆ ಇಷ್ಟಾದ್ರೂ ಮಾಡಿದ್ರಲ್ಲ, ನಿಮಗೆ ಒಳ್ಳೇದಾಗ್ಲಿ" ಎಂದಳು. ಪೋಸ್ಟ್ ಮಾಸ್ಟರ್ ಬಾಯಿ ತೆರೆದರು, ಮುಚ್ಚಿದರು. ಟೋಪಿ ತೆಗೆದು ತಲೆ ತಗ್ಗಿಸಿದರು.

ಬಾವುಟ ಅಧ್ಯಕ್ಷರಿಗಾಗಿ ಇಳಿದಿತ್ತೆಂಬ ನಿಜ ತಿಳಿದದ್ದು ಆರ್ವಿಲ್‌ನನ್ನು ಮಣ್ಣು ಮಾಡಿ ಬಂದ ಮೇಲೆ. ಬಹಳ ದಿನ ಅವಳು ಆ ಬೀದಿ ತುಳಿಯಲಿಲ್ಲ. ಕೊನೆಗೆ ಹೊಟ್ಟೆಪಾಡೇ ಅವಳನ್ನು ಅದೇ ಕಚೇರಿಯ ಕಸ ಗುಡಿಸಲು ಎಳೆತಂದಿತು. ಬಾವುಟ ಏರಿಸಿ ಇಳಿಸುವುದೂ ಅವಳ ಪಾಲಿಗೇ ಬಂತು.

ಊರಿನ ರೇಡಿಯೋದಲ್ಲಿ ದಿನಾ ಬೆಳಿಗ್ಗೆ 'ಇತಿಹಾಸದಲ್ಲಿ ಈ ದಿನ' ಓದುತ್ತಿದ್ದವನು ವೆಂಡೆಲ್, ಅವಳ ಕಣ್ಣೆದುರೇ ಬೆಳೆದವನು. ಆ ಐವರ ಹೆಸರು ಒಮ್ಮೆ ಅದರಲ್ಲಿ ಕೇಳಿಬಿಟ್ಟರೆ ಸಾಕು ಎನ್ನುವುದೊಂದೇ ಅವಳ ಆಸೆ.

"ಇದು ದೇಶದ ಇತಿಹಾಸ, ಓರ್ಲೀನತ್ತೆ. ನಮ್ಮೂರಿನದಲ್ಲ" ಎಂದಿದ್ದ ವೆಂಡೆಲ್.

"ಅವರೇನು ಬೇರೆ ದೇಶದಲ್ಲಿ ಸತ್ರೇನೋ?"

ವೆಂಡೆಲ್ ನಕ್ಕುಬಿಟ್ಟ. "ನಿನ್ನ ಬಾಯಿಗೆ ಬೀಗ ಹಾಕೋರಿಲ್ಲ. ಆಯ್ತು, ಈ ಸಲ ಓದ್ತೀನಿ. ಇಪ್ಪತ್ತನೇ ವರ್ಷ ಬೇರೆ."

ಇಪ್ಪತ್ತೆರಡರ ಬೆಳಿಗ್ಗೆ ಓರ್ಲೀನಾ ಕಚೇರಿಯ ರೇಡಿಯೋ ಹಚ್ಚಿ, ಗುಡಿಸದೆ ನಿಂತಳು. ಕ್ಯಾರೊಲಿನಾ ಕಡಲಲ್ಲಿ ಕಡಲುಗಳ್ಳನೊಬ್ಬ ಸತ್ತದ್ದು ಬಂತು. ಅಂಚೆ ಹೊತ್ತ ವಿಮಾನ ಮೊದಲ ಸಲ ಪೆಸಿಫಿಕ್ ದಾಟಲು ಹೊರಟದ್ದು ಬಂತು. ಆಮೇಲೆ ಅಧ್ಯಕ್ಷರು. ಅವರ ಬಗ್ಗೆ ಹೇಳಿದಷ್ಟೂ ವೆಂಡೆಲ್‌ಗೆ ಸಾಲದು. "ಇವತ್ತಿಗೆ ಹೊತ್ತಾಯ್ತು" ಎಂದ. ಹಾಡು ಶುರುವಾಯಿತು. ಹಾಡು ಮುಗಿದ ಮೇಲಾದರೂ ಓದಿಯಾನೆಂದು ಅವಳು ಕಾದಳು. ಹಂದಿ ಮಾಂಸದ ಅಂಗಡಿಯ ಜಾಹೀರಾತು ಬಂತು.

ಹೊರಗೆ ಹೋದಳು. ಅರ್ಧಕ್ಕಿಳಿಸುವ ಬಾವುಟವನ್ನು ಮೊದಲು ಕಂಬದ ತುದಿ ಮುಟ್ಟಿಸಬೇಕು. ಅವಳು ಮುಟ್ಟಿಸಿದಳು. ಮೇಲಿನವರ ಅಪ್ಪಣೆಯಿಲ್ಲದೆ, ಮೆಲ್ಲಗೆ ಅರ್ಧಕ್ಕಿಳಿಸುತ್ತ, ಒಂದೊಂದು ಹಿಡಿ ಹಗ್ಗಕ್ಕೆ ಒಂದೊಂದು ಹೆಸರು ಹೇಳಿದಳು. ಆರ್ವಿಲ್‌ನ ಹೆಸರು ಕೊನೆಗೆ.

ಪಕ್ಕದ ಮನೆಯಾಕೆ ಬೀದಿಯಲ್ಲೇ ನಿಂತು ಎದೆಗೆ ಕೈಯಿಟ್ಟಳು. "ನೀನೊಬ್ಬಳಾದ್ರೂ ಬಾವುಟ ಇಳಿಸಿದ್ಯಲ್ಲ, ಓರ್ಲೀನಾ! ಪಾಪ, ಎಂಥಾ ಅಧ್ಯಕ್ಷ! ನಿಂಗೆ ಒಳ್ಳೇದಾಗ್ಲಿ."

ಓರ್ಲೀನಾ ಬಾಯಿ ತೆರೆದಳು, ಮುಚ್ಚಿದಳು. ತಲೆ ತಗ್ಗಿಸಿ, ಹಗ್ಗಕ್ಕೆ ಗಂಟು ಹಾಕಿ, ಪೊರಕೆ ಹುಡುಕುತ್ತ ಒಳಗೆ ಹೋದಳು.