ಎಮ್ಮೆಯ ಹಿಂದೆ ನಿಂತಿದ್ದ ವಿಲಾಯತಿ ಕಾರು

ಒಗೆಯಲು ಹಾಕುವ ಮುನ್ನ ನನ್ನ ಅಂಗಿಯನ್ನು ಹೆಂಡತಿ ಮೂಸಿ ನೋಡುತ್ತಾಳೆ. ಅನುಮಾನದಿಂದಲ್ಲ, ಯಾವ ಬಕೆಟ್ಟಿಗೆ ಹಾಕಬೇಕೆಂದು ತಿಳಿಯಲು. ಪಶು ಆಸ್ಪತ್ರೆಯ ನೌಕರನ ಅಂಗಿಗೆ ಸೆಗಣಿಯ, ಅವಳ ಮಾತಿನಲ್ಲಿ ಹೆಂಡಿಯ, ವಾಸನೆಯಿದ್ದರೆ ಒಂದು ಬಕೆಟ್ಟು, ಇಲ್ಲದಿದ್ದರೆ ಇನ್ನೊಂದು. ಇವತ್ತು ಬೆಳಿಗ್ಗೆ ಮೂಸಿದವಳು ಎರಡೂ ಬಕೆಟ್ಟುಗಳನ್ನು ನೋಡಿದಳು. "ಇದ್ರಾಗ ಹೆಂಡಿನೂ ಅದ, ಪೆಟ್ರೋಲೂ ಅದ. ನಿನ್ನೆ ನನ್ನ ಸವತಿ ಜೊತಿ ಇದ್ರಿ ಅನ್ಸತದ" ಎಂದಳು. ಸವತಿ ಎಂದರೆ ಕಾರು. ನಾನು ಚಹಾ ಕುಡಿಯುವುದರಲ್ಲಿ ಮಗ್ನನಾದೆ.

ದನಗಳ ನಡುವೆ ಬದುಕುವವನಿಗೆ ವಿಲಾಯತಿ ಕಾರಿನ ಹುಚ್ಚು ಎಲ್ಲಿಂದ ಬಂತೆಂದು ನೀವು ಕೇಳಬಹುದು. ಶಹಾಬಾದಿನ ಒಂದು ಕ್ಷೌರದಂಗಡಿಯಿಂದ ಬಂತು. ಚಿಕ್ಕಂದಿನಲ್ಲಿ ತಲೆ ಬಗ್ಗಿಸಿ ಕೂತಾಗಲೆಲ್ಲ ಎದುರಿನ ಕ್ಯಾಲೆಂಡರಿನಲ್ಲಿ ಒಂದು ಕಾರು ಕಾಣುತ್ತಿತ್ತು: ಇಂಗ್ಲೆಂಡಿನದು, ಮೇಲೆ ಸೂರಿಲ್ಲ, ಒಳಗೆ ಎರಡೇ ಸೀಟು. ವರ್ಷ ಮುಗಿದರೂ ಅಂಗಡಿಯವನು ಆ ಹಾಳೆ ಕಿತ್ತಿರಲಿಲ್ಲ. ಅಂಥದ್ದೊಂದನ್ನು ಒಮ್ಮೆಯಾದರೂ ನಾನೇ ನಡೆಸಬೇಕೆಂಬ ಆಸೆ ಆಗ ಹೊಕ್ಕದ್ದು, ಕೂದಲು ಉದುರಿದರೂ ಹೋಗಲಿಲ್ಲ.

ನನ್ನ ನೌಕರಿಗೆ ಒಂದು ಅನುಕೂಲವಿದೆ. ಸೇಡಂ, ಚಿತ್ತಾಪುರ, ಚಿಂಚೋಳಿಯ ಯಾವ ಕೊಟ್ಟಿಗೆಗೆ ಹೊಕ್ಕರೂ ಯಾರೂ ಯಾಕೆಂದು ಕೇಳುವುದಿಲ್ಲ. ನಮ್ಮ ಕಡೆ ಹಳೆಯ ಕಾರುಗಳಿಗೆ ಕೊನೆಗಾಲದಲ್ಲಿ ಜಾಗ ಸಿಗುವುದು ಅಲ್ಲಿಯೇ, ಜೋಳದ ಒಣ ದಂಟಿನ ಕಣಕಿಯ ಕೆಳಗೆ. ಸೇಡಂ ಹತ್ತಿರ ಒಂದು ಬಾನೆಟ್ಟು ಬೋರಲಾಗಿ ಬಿದ್ದು ಹೋರಿಗೆ ಮೇವಿನ ಬಾನಿಯಾಗಿತ್ತು. ಚಿಂಚೋಳಿಯ ಕಡೆ ಒಂದು ಬಾಗಿಲು ಕೋಳಿಗೂಡನ್ನು ಕಾಯುತ್ತಿತ್ತು. ಎರಡನ್ನೂ ಕೊಂಡು ತಂದೆ. ಈಗ ಹೆಂಡತಿ ಬಾನೆಟ್ಟಿನ ಮೇಲೆ ಮೆಣಸಿನಕಾಯಿ ಒಣಗಿಸುತ್ತಾಳೆ.

ಹೀಗಿರುವಾಗ ಗುಂಡಗುರ್ತಿಯಿಂದ ಕರೆ ಬಂತು. ಮಲ್ಲಣ್ಣ ಎಂಬವರ ಎಮ್ಮೆ ಮೇವು ಬಿಟ್ಟಿತ್ತು. ಜ್ವರ ನೋಡಲು ಎಮ್ಮೆಗೆ ಥರ್ಮಾಮೀಟರ್ ಇಟ್ಟು ತಲೆಯೆತ್ತಿದರೆ ಅದರ ಹಿಂದೆ ಎರಡು ದುಂಡು ದೀಪಗಳು ನನ್ನನ್ನೇ ನೋಡುತ್ತಿದ್ದವು. ಹೊಟ್ಟಿನ ಚೀಲ ಸರಿಸಿದೆ. ಹಸಿರು ಬಣ್ಣ, ಎರಡೇ ಸೀಟು, ಸೂರಿಲ್ಲ. ಕ್ಯಾಲೆಂಡರಿನದೇ ಜಾತಿ.

"ಡಾಕ್ಟರ್ ಸಾಹೇಬ್ರ, ನಿಮ್ಮ ಕಾಜಿನ ಕಡ್ಡಿ ಎಮ್ಮ್ಯಾಗೇ ಉಳೀತು" ಎಂದು ಮಲ್ಲಣ್ಣ ಎಚ್ಚರಿಸಬೇಕಾಯಿತು.

ಮಲ್ಲಣ್ಣ ಎಪ್ಪತ್ತರ ಆಸುಪಾಸಿನವರು, ಶಹಾಬಾದಿನಲ್ಲಿ ನೆಲಕ್ಕೆ ಹಾಸುವ ಫರಸಿ ಕಲ್ಲಿಗೆ ಪಾಲಿಶ್ ಹಿಡಿದು ಬದುಕು ಸಾಗಿಸಿದವರು. ಹಿಂದೊಮ್ಮೆ ಅವರ ತಂದೆ ಅಲ್ಲಿ ಒಬ್ಬ ಬಿಳಿ ಎಂಜಿನಿಯರನ ಬಂಗಲೆಗೆ ನೆಲ ಹಾಸಿದ್ದರು. ಅವನು ಊರು ಬಿಡುವಾಗ ಕಾರನ್ನು ಅವರಿಗೆ ಕೊಟ್ಟು ಹೋದನಂತೆ. ಮುಂದೆ ಕಾರಿನ ತಳದ ತಗಡಿಗೆ ತುಕ್ಕು ಹಿಡಿದು ತೂತು ಬಿತ್ತು. ಮಲ್ಲಣ್ಣ ತಮಗೆ ಬರುವ ವಿದ್ಯೆಯಿಂದಲೇ ರಿಪೇರಿ ಮಾಡಿದ್ದರು. ಕಾರಿನ ತಳಕ್ಕೆ ಫರಸಿ ಹಾಸಿ, ಸಂದಿಗೆ ಸಿಮೆಂಟು ತುಂಬಿ, ನುಣ್ಣಗೆ ಪಾಲಿಶ್ ಮಾಡಿದ್ದರು. ನನ್ನ ಮುಖ ಅದರಲ್ಲಿ ಕಾಣಿಸಿತು, ಬಾಯಿ ತೆರೆದೇ ಇತ್ತು.

"ಚೆಂದ ಅದ, ಆದ್ರ ನಡ್ಯಂಗಿಲ್ಲ" ಎಂದರು ಅವರ ಹೆಂಡತಿ ಗಂಗಮ್ಮ. "ಮದವಿ ಆಗಿ ನನ್ನ ತವರಮನಿ ಸುಲೇಪೇಟದಿಂದ ಇದ್ರಾಗೇ ಕುಂದ್ರಿಸ್ಕೊಂಡು ಬಂದ್ರು. ಅರ್ಧ ದಾರ್ಯಾಗ ನಿಂತ್ಬಿಡ್ತು. ಎತ್ತು ಹೂಡಿ ಎಳಕೊಂಡು ಬಂದ್ರು. ಊರ ಮಂದಿ ಇನ್ನಾ ನಗಾಕತ್ತಾರ."

ಮಲ್ಲಣ್ಣ ಎಮ್ಮೆಯ ಬೆನ್ನು ಸವರಿದರು. ಅಂದಿನಿಂದ ಆ ಕಾರು ಅಲ್ಲಾಡಿರಲಿಲ್ಲ.

ಕೊಡುತ್ತೀರಾ ಎಂದೆ. ಮಲ್ಲಣ್ಣ ಕಾರಿನ ಕಡೆ ತಿರುಗಿ, "ನನ್ನ ಕೈಲಿಂದ ಆಗಲಿಲ್ಲ. ನಡಸೋರ ಮನಿಗಾದ್ರೂ ಹೋಗಲಿ" ಎಂದರು. ಹೆಗಲ ಮೇಲಿನ ಟವೆಲ್ಲನ್ನು ನನ್ನ ಕೈಮೇಲೆ ಹಾಕಿ, ಅದರಡಿ ನನ್ನ ಬೆರಳು ಹಿಡಿದೇ ಬೆಲೆ ತಿಳಿಸಿ, ದನದ ಸಂತೆಯ ಪದ್ಧತಿಯಲ್ಲೇ ವ್ಯಾಪಾರ ಮುಗಿಸಿದರು. ನಾನೂ ಅದೇ ಪದ್ಧತಿಯಲ್ಲಿ ಬಾನೆಟ್ಟು ಎತ್ತಿ ಕಾರಿನ ಹಲ್ಲು ನೋಡುವವನಂತೆ ನೋಡಿದೆ.

ಮರುದಿನ ಟ್ರ್ಯಾಕ್ಟರ್ ತಂದಾಗ ಕಾರಿನ ಸ್ಟೀರಿಂಗ್ ಚಕ್ರ ಅದರಲ್ಲಿರಲಿಲ್ಲ. ಕೊಟ್ಟಿಗೆಯ ಗೂಟದಲ್ಲಿ ಹಗ್ಗಗಳ ಜೊತೆ ನೇತಾಡುತ್ತಿತ್ತು.

"ಎತ್ತು ಮಾರಿದ್ರ ಹಗ್ಗ ಕೊಡ್ತಾರೇನ್ರಿ?" ಎಂದರು ಮಲ್ಲಣ್ಣ.

ಬೇರೆ ಯಾರಾದರೂ ಜಗಳ ತೆಗೆಯುತ್ತಿದ್ದರು. ನನಗೆ ಆ ಪದ್ಧತಿ ಗೊತ್ತು. ದನ ಮಾರಿದವನು ಹಳೆಯ ಹಗ್ಗ ತನ್ನಲ್ಲೇ ಇಟ್ಟುಕೊಳ್ಳುತ್ತಾನೆ, ಕೊಟ್ಟಿಗೆ ಬರಿದಾಗದಿರಲೆಂದು. ಕೊಂಡವನು ಹೊಸ ಹಗ್ಗ ತರಬೇಕು. ಇಷ್ಟು ವರ್ಷ ಎಷ್ಟು ವ್ಯಾಪಾರಗಳಿಗೆ ಸಾಕ್ಷಿಯಾದವನು ಟವೆಲ್ಲಿನೊಳಗೆ ಕೈ ಇಟ್ಟಾಗಲೇ ಇದನ್ನು ನೆನೆಯಬೇಕಿತ್ತು.

ವಾಡಿಯ ಇಬ್ರಾಹಿಂ ಮೇಸ್ತ್ರಿ ಕಾರನ್ನು ಗ್ಯಾರೇಜಿಗೆ ಇಳಿಸಿಕೊಳ್ಳಲು ಎಂಟು ಜನರನ್ನು ಕರೆಸಿದ. ಫರಸಿ ಒಡೆಯಲು ಸುತ್ತಿಗೆ ಎತ್ತಿದವನು ಬೇಸಿಗೆಯ ಮಧ್ಯಾಹ್ನ ಅದರ ಮೇಲೆ ಬರಿಗಾಲಿಟ್ಟು ತಂಪು ನೋಡಿ, ಸುತ್ತಿಗೆ ಕೆಳಗಿಟ್ಟ. ತಿಂಗಳುಗಟ್ಟಲೆ ಕೆಲಸ ನಡೆದು ಎಂಜಿನ್ ಒಂದು ದಿನ ಕೆಮ್ಮಿ, ಇನ್ನೊಂದು ದಿನ ಮಾತಾಡಿತು. ಸ್ಟೀರಿಂಗ್ ಮಾತ್ರ ಎಲ್ಲೂ ಸಿಗಲಿಲ್ಲ. ಟ್ರ್ಯಾಕ್ಟರಿನದನ್ನು ಕೂರಿಸಿ ನೋಡಿದೆವು. ನನ್ನ ಮೊಣಕಾಲು ಕಿವಿಗೆ ಬಂತು. "ಸಾಬ್, ಇದ್ಕ ಅಸಲಿದೇ ಬೇಕು" ಎಂದ ಮೇಸ್ತ್ರಿ.

ಮತ್ತೆ ಗುಂಡಗುರ್ತಿಗೆ ಅಲೆದಾಟ ಶುರುವಾಯಿತು. ಒಂದು ಸಲ ಲಸಿಕೆಯ ನೆಪ, ಇನ್ನೊಂದು ಸಲ ಉಣ್ಣೆ ಹುಳದ ನೆಪ. ನನ್ನ ಮೋಟರ್‌ಸೈಕಲ್ಲಿನ ಸದ್ದಿಗೇ ಮಲ್ಲಣ್ಣ ಒಳಗಿನಿಂದ ಕೂಗುತ್ತಿದ್ದರು: "ಎಮ್ಮಿ ಆರಾಮ ಅದರಿ. ಹಗ್ಗ ಕೊಡಂಗಿಲ್ಲ."

ಒಂದು ದಿನ ಅವರಿರಲಿಲ್ಲ. ಗಂಗಮ್ಮ ಮಜ್ಜಿಗೆ ಕೊಟ್ಟು, ದನಿ ತಗ್ಗಿಸಿ ಹೇಳಿದರು: "ಹಗ್ಗದ ಮಾತು ಬರೇ ನೆವ ಅದರಿ. ಮದವಿ ದಿನದ ಅರ್ಧ ದಾರಿ ಉಳದದಲ್ಲ, ಅದನ್ನ ನೀವು ನಡಸಿಬಿಡ್ತೀರಿ ಅಂತ ಅವರಿಗಿ ಅಂಜಿಕಿ. ದಿನಾ ಸಂಜಿಕಿ ಆ ಚಕ್ರ ತೊಡಿ ಮ್ಯಾಲ ಇಟ್ಕೊಂಡು ಹೊರಸಿನ ಮ್ಯಾಲ ಕುಂದರ್ತಾರ."

ಮಜ್ಜಿಗೆಯ ಲೋಟ ಕೆಳಗಿಟ್ಟೆ. ನಾನು ಕೊಂಡದ್ದು ಕಾರು ಮಾತ್ರವೆಂದು ತಿಳಿದಿದ್ದೆ. ನಾಚಿಕೆಯಾಯಿತು. ಮಲ್ಲಣ್ಣ ಬಂದ ಮೇಲೆ, "ಕಾಕಾ, ಹಗ್ಗ ಕೊಡಬ್ಯಾಡ್ರಿ. ಹಗ್ಗದ ಜೊತಿ ನೀವೇ ಬರ್ರಿ" ಎಂದೆ.

ನಿನ್ನೆ ಬಂದರು, ಚಕ್ರವನ್ನು ಕೈಚೀಲದಲ್ಲಿ ಹಾಕಿಕೊಂಡು. ಮದುವೆಯ ದಿನ ಕಾರು ನಿಂತುಹೋದ ಜಾಗಕ್ಕೇ ಅದನ್ನು ಒಯ್ದಿದ್ದೆವು. ಮೇಸ್ತ್ರಿ ಚಕ್ರ ಕೂರಿಸಿದ. ಮಲ್ಲಣ್ಣ ಚಪ್ಪಲಿ ಬಿಚ್ಚಿಟ್ಟು, ತಾವೇ ಹಾಸಿದ ಕಲ್ಲಿನ ಮೇಲೆ ಕಾಲಿಟ್ಟು ಕೂತರು. ಪಕ್ಕದಲ್ಲಿ ನಾನು ಕೂತೆ. ನಡೆಸದಿದ್ದರೂ ಕೂರುವುದಾದರೂ ಸಿಕ್ಕಿತಲ್ಲ ಎಂಬ ಖುಷಿ. ಅಷ್ಟರಲ್ಲಿ ಗಂಡನ ಜೊತೆಗೇ ಬಂದಿದ್ದ ಗಂಗಮ್ಮ ನನ್ನ ಕಡೆಯ ಬಾಗಿಲಿನ ಬಳಿ ಬಂದು ನಿಂತರು. ಹಸಿರು ಇಳಕಲ್ ಸೀರೆ, ತಲೆತುಂಬ ಸೆರಗು. ನಾನು ಇಳಿದೆ.

ಕಾರು ಹೊರಟಿತು. ಹಿಂದೆ ಮೋಟರ್‌ಸೈಕಲ್ಲಿನಲ್ಲಿ ಅದರ ಹೊಗೆ ಕುಡಿಯುತ್ತ ಕಾರಿನ ಮಾಲೀಕನಾದ ನಾನು. ಊರ ಮಂದಿ ಕಟ್ಟೆಯಿಂದೆದ್ದು ನಿಂತರು, ಈ ಸಲ ಯಾರೂ ನಗಲಿಲ್ಲ. ಕೊಟ್ಟಿಗೆಯೆದುರು ಎಂಜಿನ್ ಆರಿಸಿ ಮಲ್ಲಣ್ಣ ಬಹಳ ಹೊತ್ತು ಕಣ್ಣೊರೆಸಿಕೊಂಡರು. ಆಮೇಲೆ ನನ್ನ ಬೆನ್ನಿಗೆ ಕೂತು ಬಂದಿದ್ದ ಮೇಸ್ತ್ರಿಯಿಂದ ಚಕ್ರ ಬಿಚ್ಚಿಸಿ ನನ್ನ ಮುಂದೆ ಹಿಡಿದರು. "ತೊಗೋರಿ. ಇನ್ನ ನಿಮ್ಮದೇ."

ನಾನು ಕೈ ಚಾಚುವಷ್ಟರಲ್ಲಿ ಗಂಗಮ್ಮ ಅದನ್ನು ಕಸಿದು ಗೂಟಕ್ಕೆ ಹಾಕಿದರು. "ಗಂಡನ ಮನಿಗಿ ಬಂದದ್ದಾಯ್ತು. ತವರಮನಿಗಿ ಯಾರ್ ಕರಕೊಂಡು ಹೋಗ್ತಾರ?"

ಭಾನುವಾರ ಸುಲೇಪೇಟಕ್ಕೆ ಹೊರಡುವುದೆಂದು ನಿಶ್ಚಯವಾಗಿದೆ. ಕಾರು ನಡೆಸುವ ನನ್ನ ಆಸೆ ಹೋಗಿಲ್ಲ, ಸುಳ್ಳು ಯಾಕೆ ಹೇಳಲಿ. ಆದರೆ ಆ ಇಬ್ಬರೂ ಸುಲೇಪೇಟ ಮುಟ್ಟಬೇಕೆಂಬ ಆಸೆ ಅದಕ್ಕಿಂತ ದೊಡ್ಡದಾಗಿದೆ. ಇವತ್ತು ಸಂಜೆ ಪೇಟೆಗೆ ಹೋಗಿ ಮೋಟರ್‌ಸೈಕಲ್ಲಿಗೆ ಕಟ್ಟಲು ಗಟ್ಟಿಯಾದ ಹೊಸ ಹಗ್ಗ ಕೊಂಡು ತಂದೆ. ಈ ಸಲ ಅರ್ಧ ದಾರಿಯಲ್ಲಿ ನಿಂತರೆ ಎತ್ತು ಹುಡುಕಬೇಕಾಗಿಲ್ಲ.